ಖಡಕ್ ರೊಟ್ಟಿ, ಒಣ ಹಿಂಡಿ, ಬಿಸಿ ನುಚ್ಚು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳು, ಅಳಿಯ ಎರಡು ವರ್ಷದ ಕೂಸಿನೊಂದಿಗೆ ಅಮೆರಿಕದ ಬಫಲೋದಲ್ಲಿದ್ದಾರೆ. ಹಿಮಗಾಳಿ ಎದ್ದರೆ ಮೂರ್ನಾಲ್ಕು ದಿನ ಹೊರಗೆ ಕಾಲಿಡಲು ಆಗುವುದಿಲ್ಲವಂತೆ. ಒಲೆಯೂ ಕರೆಂಟಿನದು. ನಾನು ಇಲ್ಲಿಂದ ಏನು ಮಾಡಿ ಕಳಿಸಲಿ? ಅವರು ಅಲ್ಲಿ ಏನು ತಂದಿಡಬೇಕು?
– ಓದುಗರು, ಧಾರವಾಡ

ಉತ್ತರ: ಬಫಲೋ ಇರುವುದು ಈರೀ ಸರೋವರದ ಪೂರ್ವದ ತುದಿಯಲ್ಲಿ. ಸರೋವರ ಹೆಪ್ಪುಗಟ್ಟುವ ಮೊದಲು ಅದರ ಮೇಲೆ ಹಾಯ್ದು ಬರುವ ಕೊರೆವ ಗಾಳಿ ನೀರಿನ ತೇವವನ್ನೆಲ್ಲ ಹೊತ್ತು ತಂದು ಊರಿನ ಮೇಲೆ ಹಿಮವಾಗಿ ಸುರಿಯುತ್ತದೆ. 2022ರ ಡಿಸೆಂಬರಿನ ಬಿರುಗಾಳಿಯಲ್ಲಿ ಆಂಬುಲೆನ್ಸ್‌ಗಳೇ ರಸ್ತೆಯಲ್ಲಿ ಸಿಕ್ಕಿಬಿದ್ದಿದ್ದವು. ಹಾಗಾಗಿ ಸಂತೆ ನವೆಂಬರಿನ ಆರಂಭದಲ್ಲೇ ಮುಗಿದಿರಬೇಕು. ಮುನ್ಸೂಚನೆ ಬಂದ ಮೇಲೆ ಅಂಗಡಿಗೆ ಹೋದರೆ ಹಾಲು, ಬ್ರೆಡ್ಡು ಖಾಲಿಯಾಗಿರುತ್ತವೆ.

ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತು ಒಲೆಯದು. ಕರೆಂಟು ಹೋದರೆ ಇಪ್ಪತ್ತೈದು ಕಿಲೋ ಅಕ್ಕಿ, ತೊಗರಿಬೇಳೆ ಇದ್ದೂ ಉಪಯೋಗವಿಲ್ಲ. ಕೂಡಿಡುವುದರಲ್ಲಿ ಅರ್ಧದಷ್ಟಾದರೂ ಒಲೆ ಹಚ್ಚದೆ ತಿನ್ನುವಂಥದ್ದಿರಲಿ. ಇಬ್ಬರು ದೊಡ್ಡವರಿಗೆ ನಾಲ್ಕು ದಿನಕ್ಕೆ ಐವತ್ತು ಖಡಕ್ ರೊಟ್ಟಿ, ಅರ್ಧ ಕಿಲೋ ಶೇಂಗಾ ಹಿಂಡಿ (ಒಣ ಚಟ್ನಿಪುಡಿ), ಕಾಲು ಕಿಲೋ ಗುರೆಳ್ಳು ಹಿಂಡಿ ಸಾಕು. ರೊಟ್ಟಿಯನ್ನು ಗಟ್ಟಿ ಡಬ್ಬಿಯಲ್ಲಿ ಒಂದರ ಮೇಲೊಂದು ಇಟ್ಟು, ಸುತ್ತಲಿನ ಸಂದಿಗೆ ಕಾಗದ ತುರುಕಿ. ಅಲುಗಾಡಿದರೆ ತಲುಪುವಷ್ಟರಲ್ಲಿ ಚೂರಾಗಿರುತ್ತದೆ. ಉಳಿದದ್ದು ಅಲ್ಲಿಯೇ ಸಿಗುತ್ತದೆ: ತಣ್ಣೀರಲ್ಲೇ ನೆನೆಯುವ ತೆಳು ಅವಲಕ್ಕಿ, ಫ್ರಿಜ್ ಬೇಡದ ಪೊಟ್ಟಣದ ಹಾಲು, ಬೇಯಿಸಿದ ಕಡಲೆಯ ಡಬ್ಬಿ. ಕಡಲೆಯನ್ನು ತೊಳೆದು ಉಳ್ಳಾಗಡ್ಡಿ, ಲಿಂಬೆರಸ ಹಾಕಿದರೆ ಊಟವೇ ಆಯಿತು. ಡಬ್ಬಿ ತೆರೆಯುವ ಸಾಧನ ಕೈಯಿಂದ ತಿರುಗಿಸುವುದೇ ಇರಲಿ. ಕುಡಿಯಲು, ಕೈ ತೊಳೆಯಲು ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ನಲವತ್ತೆಂಟು ಲೀಟರ್ ನೀರು ತುಂಬಿಡಬೇಕು. ಕೂಸಿಗೆ ಇಡೀ ಶೇಂಗಾಕಾಳು ಕೊಡಲೇಬಾರದು, ಗಂಟಲಿಗೆ ಸಿಕ್ಕೀತು. ರೊಟ್ಟಿ ಮುರಿದು ಹಾಲಿನಲ್ಲಿ ಮೆತ್ತಗಾಗುವವರೆಗೆ ನೆನೆಸಿ ತಿನ್ನಿಸಲಿ.

ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನ ತಂಪು ನಾಲ್ಕು ತಾಸು ನಿಲ್ಲುತ್ತದೆ. ಫ್ರೀಜರ್ ತುಂಬಿದ್ದರೆ 48 ತಾಸು, ಅರ್ಧ ತುಂಬಿದ್ದರೆ 24. ಹೊರಗೆ ಹಿಮ ಬಿದ್ದಿದೆಯೆಂದು ಅಡುಗೆಯನ್ನು ಅಂಗಳದಲ್ಲಿಡುವುದು ಬೇಡ. ಬಿಸಿಲು ಬಿದ್ದರೆ ಬೆಚ್ಚಗಾಗುತ್ತದೆ, ಪ್ರಾಣಿಗಳೂ ಬಾಯಿ ಹಾಕುತ್ತವೆ. ಬದಲಿಗೆ ಡಬ್ಬಿಗಳಲ್ಲಿ ನೀರು ಹಾಕಿ ಹೊರಗಿಟ್ಟು, ಗಡ್ಡೆಯಾದ ಮೇಲೆ ಒಳತಂದು ಫ್ರಿಜ್ಜಿನಲ್ಲಿಡಲಿ.

ಒಂದು ಮಾತನ್ನು ಮಾತ್ರ ಫೋನಿನಲ್ಲಿ ಮತ್ತೆ ಮತ್ತೆ ಹೇಳಿ. ಎಷ್ಟೇ ಚಳಿಯಾದರೂ ಇದ್ದಿಲ ಒಲೆ, ಕ್ಯಾಂಪಿಂಗ್ ಗ್ಯಾಸ್ ಒಲೆ ಮನೆಯೊಳಗೆ ಹಚ್ಚಕೂಡದು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ನಮ್ಮ ಕಡೆ ಜೋಳ ಕೂಡಿಡುವ ನೆಲದಡಿಯ ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಗಾಳಿಯಾಡಲು ಬಿಡುತ್ತಿದ್ದರು. ಅಲ್ಲಿನ ಅನಿಲ ಬೇರೆ, ಎಚ್ಚರ ಅದೇ. ಮನೆ ಕಾಯಿಸುವ ಯಂತ್ರದ ಹೊಗೆ ಕೊಳವೆಯ ಬಾಯಿ ಗೋಡೆಯಾಚೆ ಹಿಮದಲ್ಲಿ ಮುಚ್ಚಿಹೋಗದಂತೆಯೂ ನೋಡಿಕೊಳ್ಳಬೇಕು.

ಪ್ರಶ್ನೆ: ಶ್ರಾವಣದ ಜಡಿಮಳೆಗೆಂದು ಮಾಡಿಟ್ಟ ಖಡಕ್ ರೊಟ್ಟಿ ಎಂಟೇ ದಿನಕ್ಕೆ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಸ್ಟೀಲ್ ಡಬ್ಬಿಯಲ್ಲೇ ಇಟ್ಟಿದ್ದೆ.
– ಓದುಗರು, ಹುಬ್ಬಳ್ಳಿ

ಉತ್ತರ: ತಪ್ಪು ಡಬ್ಬಿಯದಲ್ಲ. ರೊಟ್ಟಿಯೊಳಗೆ ತೇವ ಉಳಿದಿತ್ತು, ಡಬ್ಬಿಯ ಮುಚ್ಚಳ ಅದನ್ನು ಒಳಗೇ ಹಿಡಿದಿಟ್ಟಿತು.

ಹಿಟ್ಟಿನಿಂದಲೇ ಆರಂಭಿಸಿ. ಹಿಂಗಾರಿ ಮಾಲದಂಡಿ ಜೋಳವನ್ನು ಹೊಸದಾಗಿ ಬೀಸಿಸಿ ತನ್ನಿ. ಜೋಳದಲ್ಲಿ ಗೋಧಿಯ ಅಂಟಿಲ್ಲ. ಕುದಿವ ನೀರಿನಲ್ಲಿ ಪಿಷ್ಟ ಬೆಂದಾಗಲೇ ಹಿಟ್ಟಿಗೆ ಜಿಗಿ. ಎರಡು ಬಟ್ಟಲು ಹಿಟ್ಟಿಗೆ ಸುಮಾರು ಒಂದೂವರೆ ಬಟ್ಟಲು ಎಸರು. ಮಳ್ಳುವ ಎಸರನ್ನು ನಡುವೆ ಸುರಿದು, ಕೋಲಿನಿಂದ ಕಲಸಿ, ಕೈ ತಾಳುವಷ್ಟು ಆರಿದ ಕೂಡಲೇ ಅಂಗೈಯಿಂದ ಐದು ನಿಮಿಷ ನಾದಬೇಕು. ಎಸರು ಉಗುರುಬೆಚ್ಚಗಿದ್ದರೆ ಬಡಿಯುವಾಗ ಅಂಚು ಸೀಳುತ್ತದೆ. ಆಗ ಹರಿದೀತೆಂದು ದಪ್ಪ ಬಡಿಯುತ್ತೇವೆ, ಅದರ ನಡುಭಾಗ ಒಣಗುವುದೇ ಇಲ್ಲ. ನಿಮ್ಮ ರೊಟ್ಟಿಯ ಬೂಷ್ಟು ನಡುವಿನಿಂದ ಹುಟ್ಟಿದ್ದರೆ ಕಾರಣ ಇದೇ.

ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲಿನ ಉದುರು ಹಿಟ್ಟನ್ನು ಪೂರ್ತಿ ಒರೆಸಿ, ನೀರಾರಿದ ಕೂಡಲೇ ಮಗುಚಿ. ಎರಡೂ ಕಡೆ ಬೆಂದ ರೊಟ್ಟಿಯನ್ನು ಬಿಸಿಯಿರುವಾಗ ಒಂದರ ಮೇಲೊಂದು ಹೇರಬಾರದು, ಹಬೆ ಮುಂದಿನದಕ್ಕೆ ಇಳಿಯುತ್ತದೆ. ಸಣ್ಣ ಉರಿಯ ಹಂಚಿಗೆ ಮತ್ತೆ ಹಾಕಿ, ಬಟ್ಟೆಯಿಂದ ಒತ್ತುತ್ತ, ಬಾಗದಂತಾಗುವವರೆಗೆ ಸುಡಿ. ಒಂದನ್ನು ನಟ್ಟನಡುವೆ ಮುರಿದು ನೋಡಿ. ಟಕ್ಕನೆ ಮುರಿಯಬೇಕು, ಮುರಿದಲ್ಲಿ ಮೆತ್ತನೆಯ ಬಿಳಿ ಪದರ ಕಾಣಬಾರದು. ರಾತ್ರಿಯಿಡೀ ತೆಳು ಬಟ್ಟೆ ಮುಚ್ಚಿ ಬುಟ್ಟಿಯಲ್ಲಿ ಆರಲು ಬಿಟ್ಟು, ಮರುದಿನ ಡಬ್ಬಿಗೆ ತುಂಬಿ. ಜಡಿ ಹಿಡಿದಿದ್ದರೆ ರಾತ್ರಿ ಬಿಡುವುದು ಬೇಡ, ಪೂರ್ತಿ ಆರಿದ ಕೂಡಲೇ ತುಂಬಿ.

ಮೆತ್ತಗಾಗಿ ಬೂಷ್ಟಿಲ್ಲದಿದ್ದರೆ ಸಣ್ಣ ಉರಿಯಲ್ಲಿ ಮತ್ತೆ ಸುಟ್ಟರೆ ಸರಿಹೋಗುತ್ತದೆ. ಬೂಷ್ಟು ಬಂದಿದ್ದರೆ ಆ ಜಾಗ ಮಾತ್ರ ಕಿತ್ತು ತಿನ್ನಬೇಡಿ, ಇಡೀ ರೊಟ್ಟಿ ಎಸೆಯಿರಿ. ಸಜ್ಜೆ ಹಿಟ್ಟಿನಲ್ಲಿ ಜಿಡ್ಡು ಹೆಚ್ಚು, ಬೇಗ ಕಹಿಯಾಗುತ್ತದೆ. ವಾರಕ್ಕೆ ಬೇಕಾದಷ್ಟೇ ಬೀಸಿಸಿ.

ಪ್ರಶ್ನೆ: ಶೇಂಗಾ ಹಿಂಡಿ ಎಣ್ಣೆಬಿಟ್ಟು ಉಂಡೆಯಾಗುತ್ತದೆ, ಕಮಟು ವಾಸನೆಯೂ ಬರುತ್ತದೆ.
– ಓದುಗರು, ಗದಗ

ಉತ್ತರ: ಮಿಕ್ಸಿ ಒಂದೇ ಸಮನೆ ಓಡಿ ಬಿಸಿಯಾದರೆ ಶೇಂಗಾ ಎಣ್ಣೆ ಬಿಡುತ್ತದೆ. ಅರ್ಧ ಕಿಲೋ ಶೇಂಗಾವನ್ನು ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಹುರಿದು, ಪೂರ್ತಿ ಆರಿಸಿ, ಸಿಪ್ಪೆ ಕೇರಿ. ಒಂದು ಗಡ್ಡೆ ಬಳ್ಳೊಳ್ಳಿ, ಮೂರು ದೊಡ್ಡ ಚಮಚ ಬ್ಯಾಡಗಿ ಖಾರದ ಪುಡಿ, ಒಂದು ಚಮಚ ಜೀರಿಗೆ, ಉಪ್ಪು ಸೇರಿಸಿ, ತಡೆತಡೆದು ಎರಡೆರಡು ಸೆಕೆಂಡು ತಿರುಗಿಸಿ, ತರಿತರಿಯಾಗಿರುವಾಗಲೇ ನಿಲ್ಲಿಸಿ. ಕುಟ್ಟುವ ಕಲ್ಲಿದ್ದರೆ ಇನ್ನೂ ಒಳ್ಳೆಯದು. ಹಸಿ ಬಳ್ಳೊಳ್ಳಿಯ ರುಚಿ ಹೆಚ್ಚು, ಆದರೆ ಅದರ ತೇವ ಹಿಂಡಿಯನ್ನು ಕೆಡಿಸುತ್ತದೆ. ಬಹಳ ದಿನ ಇಡುವುದಾದರೆ ಎಸಳುಗಳನ್ನು ಗರಿಯಾಗುವಂತೆ ಹುರಿದು ಹಾಕಿ. ಒದ್ದೆ ಚಮಚ ತಾಗಿಸಬೇಡಿ.

ಪ್ರಶ್ನೆ: ಮಳೆ-ಚಳಿಯಲ್ಲಿ ಹಲ್ಲಿಲ್ಲದ ಅತ್ತೆಯವರಿಗೆ ಬಿಸಿಯಾಗಿ ಏನು ಕೊಡಲಿ?
– ಓದುಗರು, ಹಾವೇರಿ

ಉತ್ತರ: ಜೋಳದ ನುಚ್ಚು. ಒಡೆದ ಜೋಳವನ್ನು ಜರಡಿ ಹಿಡಿದು ಹಿಟ್ಟು ಬೇರೆ ಮಾಡಿ. ಹಿಟ್ಟು ಉಳಿದರೆ ತಳ ಹತ್ತಿ ಗಂಟಾಗುತ್ತದೆ. ಒಂದು ಬಟ್ಟಲು ನುಚ್ಚು ತೊಳೆದು ಅರ್ಧ ತಾಸು ನೆನೆಸಿ, ನಾಲ್ಕು ಬಟ್ಟಲು ಕುದಿವ ಉಪ್ಪುನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಅರ್ಧ ತಾಸು ಆಗಾಗ ತಿರುವುತ್ತ ಬೇಯಿಸಿ. ಕಾಳನ್ನು ಬೆರಳಲ್ಲಿ ಹಿಸುಕಿದರೆ ನಡುವೆ ಗಟ್ಟಿ ಸಿಗಬಾರದು. ಬಿಸಿ ಹಾಲು, ಇಲ್ಲವೇ ಬಳ್ಳೊಳ್ಳಿ ಒಗ್ಗರಣೆಯ ಮಜ್ಜಿಗೆ ಹಾಕಿ ಕೊಡಿ. ಆರಿದಂತೆ ಬಿಗಿಯುತ್ತದೆ. ಎರಡನೆಯ ಸಲ ಬಡಿಸುವಾಗ ಬಿಸಿನೀರು ಬೆರೆಸಿ ಸಡಿಲ ಮಾಡಿ, ಮತ್ತೊಮ್ಮೆ ಕುದಿಸಿ.