ಬೇವಿನ ಸಸಿ ಎರಡನೇ ಬೇಸಿಗೆಗೆ ಒಣಗುವುದರ ಬಗ್ಗೆ

ಕುಷ್ಟಗಿ ಕಡೆಯ ನಿಮ್ಮ ಹುಲ್ಲುಗಾವಲಿನಲ್ಲಿ ನೆಟ್ಟ ಬೇವಿನ ಸಸಿ ಎರಡನೇ ಬೇಸಿಗೆಗೆ ಒಣಗುತ್ತದೆ, ಅಗೆದರೆ ಮೊಳದಾಳದಲ್ಲಿ ಹಾರೆಗೆ ಠಣ್ ಎನ್ನುವ ಬಿಳಿ ಪದರ ಸಿಗುತ್ತದೆ, ಏಕೆ ಎಂದು ಕೇಳಿದ್ದೀರಿ. ಕಾರಣ ಬಹುಶಃ ಆ ಪದರವೇ: ಸುಣ್ಣ ಸೇರಿ ಕಲ್ಲಾದ ಮಣ್ಣು. ಮಳೆ ಕಡಿಮೆಯಿರುವಲ್ಲಿ ನೀರಿನೊಂದಿಗೆ ಇಳಿದ ಸುಣ್ಣ ಪೂರ್ತಿ ಬಸಿದುಹೋಗದೆ ನಡುವೆಯೇ ಕಟ್ಟಿಕೊಳ್ಳುತ್ತದೆ; ಬೇರು ತಾಗಿ ಅಡ್ಡ ತಿರುಗುತ್ತದೆ.

ಮೊದಲು ಪರೀಕ್ಷಿಸಿ. ಪದರದ ಒಣ ಹೆಂಟೆಯನ್ನು ರಾತ್ರಿಯಿಡೀ ನೀರಿನಲ್ಲಿಡಿ. ಕರಗಿ ಕುಸಿದರೆ ಬರೀ ಬಿಗಿದ ಮಣ್ಣು, ಆಳವಾಗಿ ಅಗೆದರೆ ಸಾಕು. ಗಟ್ಟಿಯಾಗಿಯೇ ಉಳಿದು, ಬಚ್ಚಲು ತೊಳೆಯುವ ಆಸಿಡ್‌ನ ಹನಿಗೆ ನೊರೆ ಎದ್ದರೆ ಸುಣ್ಣದ ಪದರವೇ.

ಆಗ ಗುಂಡಿಯನ್ನು ಅಗಲ ಮಾಡುವುದರಿಂದ ಪ್ರಯೋಜನವಿಲ್ಲ. ಹಾರೆಯಿಂದ ಪದರವನ್ನು ತೂತು ಮಾಡಿ ಕೆಳಗಿನ ಮೆತ್ತನೆಯ ಮಣ್ಣು ಮುಟ್ಟಿ, ನೀರು ತುಂಬಿಸಿ. ಮರುದಿನವೂ ನಿಂತಿದ್ದರೆ ಇನ್ನೂ ಒಡೆಯಬೇಕು. ಬಿಳಿ ಚೂರುಗಳನ್ನು ಮರಳಿ ಹಾಕದೆ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ. ಅಂಗಡಿಯವರು ಹೇಳುವ ಜಿಪ್ಸಮ್ ಇದಕ್ಕೆ ದಂಡ. ಪದರ ತೀರಾ ದಪ್ಪವಿದ್ದರೆ ಅಲ್ಲಿ ಹುಲ್ಲನ್ನೇ ಬಿತ್ತಿ.