ಸಂಪಾದಕರ ಉತ್ತರ: ಮಹಿಳೆಯರ ಓಟದಲ್ಲಿ ಯಾರು ಓಡಬೇಕು?

ಮಾನ್ಯರೇ,

ನಮ್ಮ ಸಂಘದ ವಾರ್ಷಿಕ ಕ್ರೀಡಾಕೂಟದ ಮಹಿಳಾ ಸ್ಪರ್ಧೆಗಳಲ್ಲಿ ಟ್ರಾನ್ಸ್ ಮಹಿಳೆಯರಿಗೂ (ಹುಟ್ಟಿದಾಗ ಗಂಡೆಂದು ದಾಖಲಾಗಿ, ತಮ್ಮನ್ನು ಹೆಣ್ಣೆಂದು ಗುರುತಿಸಿಕೊಳ್ಳುವವರಿಗೂ) ಅವಕಾಶವಿರಬೇಕೆಂದು ಕಳೆದ ಸಂಚಿಕೆಯಲ್ಲಿ ನಾನು ಬರೆದದ್ದನ್ನು ಆಕ್ಷೇಪಿಸಿ ತಾವು ಡೊಂಬಿವಲಿಯಿಂದ ಬರೆದ ಪತ್ರ ತಲುಪಿತು. ನಸುಕಿನ ಲೋಕಲ್ ರೈಲು ಹಿಡಿದು ಠಾಣೆಯ ಮೈದಾನಕ್ಕೆ ಹೋಗಿ ಓಟದ ಅಭ್ಯಾಸ ಮಾಡುವ ತಮ್ಮ ಮಗಳ ಶ್ರಮಕ್ಕೆ ಬೆಲೆ ಏನು ಎಂದು ಕೇಳಿದ್ದೀರಿ. ಓಟಗಾರ್ತಿಯರಾದ ಶಾಂತಿ ಸೌಂದರರಾಜನ್ ಮತ್ತು ದ್ಯುತಿ ಚಾಂದ್ ಅವರ ಪ್ರಕರಣಗಳಿಂದ ನಾವು ಪಾಠ ಕಲಿಯಲಿಲ್ಲವೇ ಎಂದಿದ್ದೀರಿ. ಟ್ರಾನ್ಸ್ ಮಹಿಳೆಯರಿಗೆ ಬೇರೆಯೇ ಓಟವೊಂದನ್ನು ಇಟ್ಟರಾಯಿತು ಎಂದೂ ಸೂಚಿಸಿದ್ದೀರಿ.

ಮೊದಲನೆಯ ಮಾತನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಗಂಡಿನ ಹರೆಯ ದೇಹಕ್ಕೆ ಕೊಡುವ ಎತ್ತರ ಮತ್ತು ಮೂಳೆಯ ಗಾತ್ರ ಆಮೇಲೆ ತೆಗೆದುಕೊಳ್ಳುವ ಔಷಧಿಯಿಂದ ಹಿಂದಕ್ಕೆ ಹೋಗುವಂಥವಲ್ಲ. ಗಂಡಿನ ಹಾರ್ಮೋನಾದ ಟೆಸ್ಟೋಸ್ಟೆರಾನ್ ತಗ್ಗಿಸಿದಾಗ, ರಕ್ತದಲ್ಲಿ ಆಮ್ಲಜನಕ ಸಾಗಿಸುವ ಹಿಮೋಗ್ಲೋಬಿನ್ ಕೆಲವೇ ತಿಂಗಳಲ್ಲಿ ಹೆಂಗಸರ ಮಟ್ಟಕ್ಕೆ ಇಳಿಯುತ್ತದೆ, ಆದರೆ ಸ್ನಾಯುಬಲ ಒಂದು ವರ್ಷ ಕಳೆದರೂ ಸ್ವಲ್ಪವೇ ಕುಗ್ಗುತ್ತದೆ. ಉನ್ನತ ಮಟ್ಟದ ಓಟದಲ್ಲಿ ಗಂಡು ಹೆಣ್ಣಿನ ನಡುವೆ ಶೇ. 10ರಿಂದ 12ರಷ್ಟು ಅಂತರವಿರುವಾಗ, ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಪದಕ ತಪ್ಪಿಸಿಕೊಳ್ಳುವ ಹುಡುಗಿಗೆ ‘ಹೊಂದಿಕೊಂಡು ಹೋಗಮ್ಮ’ ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2015ರಲ್ಲಿ ಲೀಟರಿಗೆ 10 ನ್ಯಾನೋಮೋಲ್ ಎಂಬ ಟೆಸ್ಟೋಸ್ಟೆರಾನ್ ಮಿತಿಯನ್ನು ಹಾಕಿ, 2021ರಲ್ಲಿ ಅದನ್ನು ಕೈಬಿಟ್ಟು ನಿರ್ಧಾರವನ್ನು ಆಯಾ ಕ್ರೀಡೆಯ ಒಕ್ಕೂಟಗಳಿಗೆ ವಹಿಸಿತು. ಗಂಡಿನ ಹರೆಯವನ್ನು ದಾಟಿ ಬಂದ ಟ್ರಾನ್ಸ್ ಮಹಿಳೆಯರಿಗೆ ಮಹಿಳಾ ವಿಭಾಗವಿಲ್ಲ ಎಂದು ಈಜಿನ ಒಕ್ಕೂಟ 2022ರಲ್ಲೂ, ಅಥ್ಲೆಟಿಕ್ಸ್ ಮತ್ತು ಕ್ರಿಕೆಟ್ ಸಂಸ್ಥೆಗಳು 2023ರಲ್ಲೂ ತಮ್ಮ ಅಂತರರಾಷ್ಟ್ರೀಯ ಸ್ಪರ್ಧೆಗಳ ಮಟ್ಟಿಗೆ ತೀರ್ಮಾನಿಸಿದವು. ಆ ಮಟ್ಟದಲ್ಲಿ ಈ ತೀರ್ಮಾನವನ್ನು ಅನ್ಯಾಯವೆಂದು ನಾನು ಕರೆಯಲಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನ್ಯೂಜಿಲೆಂಡಿನ ಟ್ರಾನ್ಸ್ ವೇಟ್‌ಲಿಫ್ಟರ್ ಲಾರೆಲ್ ಹಬಾರ್ಡ್ ಮೂರೂ ಯತ್ನಗಳಲ್ಲಿ ವಿಫಲರಾದದ್ದನ್ನು ಕೆಲವರು ನನ್ನ ಪರವಾಗಿ ಎತ್ತಿ ತೋರಿಸುತ್ತಾರೆ. ಒಬ್ಬರು ಸೋತದ್ದರಿಂದ ಎಲ್ಲರಿಗೂ ಅನ್ವಯಿಸುವ ನಿಯಮವೊಂದು ಸರಿಯೆಂದಾಗುವುದಿಲ್ಲವಾದ್ದರಿಂದ ಆ ವಾದ ನನಗೆ ಬೇಡ.

ಆದರೆ ಶಾಂತಿ ಮತ್ತು ದ್ಯುತಿಯವರ ವಿಷಯದಲ್ಲಿ ತಾವು ಬರೆದದ್ದು ತಪ್ಪು, ಮತ್ತು ಈ ತಪ್ಪನ್ನು ಬಿಡಿಸಿ ಹೇಳದೆ ನಾನು ಮುಂದೆ ಹೋಗಲಾರೆ. ಅವರಿಬ್ಬರೂ ಟ್ರಾನ್ಸ್ ಅಲ್ಲ. ಹೆಣ್ಣಾಗಿ ಹುಟ್ಟಿ, ಹೆಣ್ಣಾಗಿಯೇ ಬೆಳೆದವರು. ತಮಿಳುನಾಡಿನ ಬಡ ಮನೆಯಿಂದ ಬಂದ ಶಾಂತಿ 2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಗೆದ್ದ ಬೆಳ್ಳಿಯನ್ನು ಲಿಂಗ ಪರೀಕ್ಷೆಯ ನಂತರ ಕಿತ್ತುಕೊಳ್ಳಲಾಯಿತು. ಅವರ ದೇಹದ ಖಾಸಗಿ ಸಂಗತಿ ದೇಶದ ಬಾಯಿಗೆ ಬಿತ್ತು. ಒಡಿಶಾದ ದ್ಯುತಿಯನ್ನು, ದೇಹ ತಾನಾಗಿ ಉತ್ಪಾದಿಸುವ ಟೆಸ್ಟೋಸ್ಟೆರಾನ್ ಹೆಚ್ಚಿದೆ ಎಂಬ ಕಾರಣಕ್ಕೆ 2014ರ ಕಾಮನ್‌ವೆಲ್ತ್ ತಂಡದಿಂದ ಕೈಬಿಟ್ಟರು. ಅವರು ಸುಮ್ಮನಾಗದೆ ಕ್ರೀಡಾ ನ್ಯಾಯಮಂಡಳಿಯ ಮೆಟ್ಟಿಲೇರಿ, 2015ರಲ್ಲಿ ಆ ನಿಯಮವನ್ನೇ ಅಮಾನತಿನಲ್ಲಿಡಿಸಿ, ಮರುವರ್ಷ ರಿಯೋ ಒಲಿಂಪಿಕ್ಸ್‌ನಲ್ಲಿ ಓಡಿದರು. ‘ಇವಳು ನಿಜವಾಗಿ ಹೆಣ್ಣೇ?’ ಎಂಬ ಅನುಮಾನ ಮೈದಾನಕ್ಕೆ ಇಳಿದಾಗ ಮೊದಲು ಅದರ ಬಾಯಿಗೆ ಸಿಕ್ಕವರು ತಮ್ಮ ಮಗಳಂಥ ಹೆಣ್ಣುಮಕ್ಕಳೇ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಎದೆ ಚಪ್ಪಟೆಯಾಗಿರುವ, ದನಿ ಗಡುಸಾಗಿರುವ, ಕೂದಲು ಕತ್ತರಿಸಿಕೊಂಡ ಹುಡುಗಿ ನಾಳೆ ಗೆದ್ದರೆ ಅವಳ ತಾಯಿ ಪ್ರಮಾಣಪತ್ರ ಹಿಡಿದು ಓಡಾಡಬೇಕಾದೀತು.

ಬೇರೆ ಓಟದ ಸಲಹೆ ಕೇಳಲು ಸುಲಭ. ಈಜಿನ ವಿಶ್ವ ಒಕ್ಕೂಟ 2023ರ ಬರ್ಲಿನ್ ವಿಶ್ವಕಪ್‌ನಲ್ಲಿ ಇದನ್ನೇ ಪ್ರಯತ್ನಿಸಿ ಮುಕ್ತ ವಿಭಾಗವೊಂದನ್ನು ತೆರೆಯಿತು. ಒಂದು ಹೆಸರೂ ನೋಂದಣಿಯಾಗಲಿಲ್ಲ. ಇಡೀ ಜಗತ್ತಿಗೆ ಕರೆ ಕೊಟ್ಟರೂ ತುಂಬದ ಆ ಸಾಲು ನಮ್ಮ ಸಂಘದ ಮೈದಾನದಲ್ಲಿ ತುಂಬೀತೇ? ಒಬ್ಬರನ್ನೇ ಗೆರೆಯ ಮೇಲೆ ನಿಲ್ಲಿಸಿ ಸೀಟಿ ಊದುವುದು ಸ್ಪರ್ಧೆಯಲ್ಲ, ಪ್ರದರ್ಶನ.

ಇನ್ನು ನಮ್ಮ ಮೈದಾನದ ಮಾತು. ಕಳೆದ ಕೂಟದಲ್ಲಿ ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ನಾನು ಕುಳಿತಿದ್ದೆ. ಹಸಿರು ಸೀರೆಯುಟ್ಟು ಬಂದ ಒಬ್ಬರು ಹಗ್ಗಜಗ್ಗಾಟಕ್ಕೆ ಅರ್ಜಿ ತೆಗೆದುಕೊಂಡು, ‘ಪುರುಷ’, ‘ಮಹಿಳೆ’ ಎಂಬ ಎರಡು ಚೌಕಗಳ ಮೇಲೆ ಪೆನ್ನು ಹಿಡಿದು ಬಹಳ ಹೊತ್ತು ನಿಂತರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವರು ಅರ್ಜಿಯನ್ನು ನಾಲ್ಕಾಗಿ ಮಡಚಿ ಮೇಜಿನ ಮೇಲಿಟ್ಟು, “ಇರಲಿ ಸರ್, ನಾನು ನೋಡ್ತೇನೆ” ಎಂದು ಶಾಮಿಯಾನದ ಕಡೆಗೆ ಹೋದರು. ನಾನು ಏಳಲಿಲ್ಲ, ಕರೆಯಲಿಲ್ಲ. ಅಂದಿನಿಂದ ಅದು ನನ್ನನ್ನು ಬಾಧಿಸುತ್ತಿದೆ, ಕಳೆದ ಸಂಚಿಕೆಯ ಬರಹ ಹುಟ್ಟಿದ್ದೂ ಅಲ್ಲಿಂದಲೇ. ತಮ್ಮ ಲಿಂಗ ಯಾವುದೆಂದು ತಾವೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರಲ್ಲೇ ಟ್ರಾನ್ಸ್ ವ್ಯಕ್ತಿಗಳಿಗೆ ಕೊಟ್ಟಿತು. ಸ್ಟೀಲಿನ ಡಬ್ಬಿ ಬಹುಮಾನವಾಗಿರುವ ಹಗ್ಗಜಗ್ಗಾಟಕ್ಕೆ ನಾವು ಒಲಿಂಪಿಕ್ಸ್‌ನ ಅಳತೆಗೋಲು ಹಿಡಿದು ಕೂರಬೇಕೇ?

ಆದ್ದರಿಂದ ಮುಂದಿನ ತಿಂಗಳ ಕ್ರೀಡಾ ಸಮಿತಿಯ ಸಭೆಯಲ್ಲಿ ನಾನು ಮಂಡಿಸಲಿರುವುದು ಇಷ್ಟು. ತಮ್ಮ ಮಗಳು ಓಡುವ, ಮುಂದಿನ ಹಂತದ ಆಯ್ಕೆಗೆ ಸಮಯ ದಾಖಲಿಸುವ 100 ಮತ್ತು 200 ಮೀಟರ್ ಓಟಗಳು ಅಥ್ಲೆಟಿಕ್ಸ್ ಒಕ್ಕೂಟದ ನಿಯಮದಂತೆಯೇ ನಡೆಯಲಿ. ಹಗ್ಗಜಗ್ಗಾಟ, ಥ್ರೋಬಾಲ್, ನಿಂಬೆ ಚಮಚದ ಓಟ ಮೊದಲಾದವುಗಳಲ್ಲಿ ಮಹಿಳೆಯೆಂದು ಹೆಸರು ಬರೆಸುವ ಯಾರನ್ನೂ ಪ್ರಶ್ನಿಸುವುದು ಬೇಡ. ಯಾವ ಹೆಣ್ಣುಮಗಳ ದೇಹದ ಬಗ್ಗೆಯೂ ಮೈದಾನದಲ್ಲಿ ದೂರು ಸ್ವೀಕರಿಸುವುದು ಬೇಡ. ತಮ್ಮ ಪತ್ರವನ್ನು ಅಲ್ಲಿ ಪೂರ್ತಿಯಾಗಿ ಓದುತ್ತೇನೆ. ತಾವೇ ಬಂದು ಎದುರು ಮಾತನಾಡುವುದಾದರೆ ಇನ್ನೂ ಒಳ್ಳೆಯದು, ಮಗಳನ್ನೂ ಕರೆತನ್ನಿ.

— ಸಂಪಾದಕ