ಎಲೆ ಬಲೆಯಾದರೆ ಒಂದು ಹುಳ, ನರವಷ್ಟೇ ಉಳಿದರೆ ಇನ್ನೊಂದು

ಮಳೆ ಹಿಡಿದ ಮೇಲೆ ಮರಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಆರನ್ನು ಈ ಸಲ ಆರಿಸಿಕೊಂಡಿದ್ದೇನೆ. ಮೊದಲೇ ಒಂದು ಕೋರಿಕೆ. ಇಡೀ ಮರದ ಫೋಟೊ ಒಂದು ಸಾಕು. ನನಗೆ ಬೇಕಾದದ್ದು ಎಲೆಯ ಅಡಿಭಾಗ, ತೊಗಟೆಯ ತೂತು, ಬುಡದಲ್ಲಿ ಬಿದ್ದ ಹುಡಿ. ಹುಳ ಸಿಕ್ಕರೆ ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯ ಇಟ್ಟು ತೆಗೆಯಿರಿ. ಗಾತ್ರ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಪ್ರಶ್ನೆ: ಗುಡ್ಡೆಯಲ್ಲಿ ಎಂಟು ವರ್ಷದ ಸಾಗುವಾನಿ ಇದೆ. ಜೂನ್‌ನಲ್ಲಿ ಚೆನ್ನಾಗಿ ಚಿಗುರಿತ್ತು, ಹತ್ತೇ ದಿನದಲ್ಲಿ ಎಲೆ ಖಾಲಿ. ಮರ ಸಾಯುತ್ತದಾ? ಪಕ್ಕದವರು ಮದ್ದು ಬಿಡಿ ಅನ್ನುತ್ತಿದ್ದಾರೆ. (ಹೆಬ್ರಿ)

ಸಾಯುವುದಿಲ್ಲ. ಇನ್ನೊಂದು ಸುತ್ತು ಚಿಗುರುತ್ತದೆ, ಕಾಯಿರಿ.

ಸಾಗುವಾನಿಯ ಎಲೆಗೆ ಮುಖ್ಯವಾಗಿ ಎರಡು ಹುಳ ಬೀಳುತ್ತವೆ. ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ನಿಮ್ಮಲ್ಲಿ ಬಂದದ್ದು ಹೈಬ್ಲಿಯಾ ಪ್ಯೂರಾ ಎಂಬ ಪತಂಗದ ಮರಿಹುಳ. ಮೊದಲ ಮಳೆಗೆ ಬರುವ ಎಳೆ ಎಲೆಯೇ ಅದಕ್ಕೆ ಬೇಕು. ದಪ್ಪ ನರಗಳನ್ನು ಬಿಟ್ಟು ಉಳಿದದ್ದೆಲ್ಲ ತಿನ್ನುತ್ತದೆ. ದೂರದಿಂದ ನೋಡಿದರೆ ಮರದಲ್ಲಿ ಎಲೆ ಇಲ್ಲ, ಮೀನಿನ ಮುಳ್ಳು ನೇತಾಡಿದ ಹಾಗೆ ಕಾಣುತ್ತದೆ. ಎರಡನೆಯದು ಯುಟೆಕ್ಟೋನಾ. ಅದು ಬಲಿತ ಎಲೆಯ ಹಸಿರನ್ನು ಮಾತ್ರ ಕೆರೆದು ತಿನ್ನುತ್ತದೆ, ಸಣ್ಣ ಸಣ್ಣ ನರವನ್ನೂ ಉಳಿಸುತ್ತದೆ. ಎಲೆ ಕಂದು ಬಣ್ಣದ ಸೊಳ್ಳೆ ಪರದೆಯಂತೆ ಆಗುತ್ತದೆ. ಇದು ಬರುವುದು ತಡವಾಗಿ, ಮಳೆ ಇಳಿಯುವ ಹೊತ್ತಿಗೆ. ಹೇಗೂ ಕೆಲವೇ ತಿಂಗಳಲ್ಲಿ ಉದುರಲಿರುವ ಎಲೆ ಅದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮುಂದಿನ ವರ್ಷ ಚಿಗುರು ಬಂದ ಕೂಡಲೇ ಕೆಳಗಿನ ಗೆಲ್ಲಿನ ಎಲೆ ಎರಡು ಕಿತ್ತು ನೋಡಿ. ಹೈಬ್ಲಿಯಾದ ಮರಿಹುಳ ಎಲೆಯಂಚನ್ನು ಸ್ವಲ್ಪ ಕತ್ತರಿಸಿ, ಮಡಚಿ, ನೂಲಿನಿಂದ ಅಂಟಿಸಿಕೊಂಡು ಒಳಗೆ ಕೂತಿರುತ್ತದೆ. ಬೀಡಿ ಕಟ್ಟುವವರು ಎಲೆಯ ತುದಿ ಮಡಚಿದಂತೆಯೇ ಇರುತ್ತದೆ. ಬಿಡಿಸಿದರೆ ಹುಳ ಸಿಕ್ಕೇ ಸಿಗುತ್ತದೆ. ದೊಡ್ಡದಾದ ಮೇಲೆ ನೂಲು ಬಿಟ್ಟು ಕೆಳಗೆ ಇಳಿದು, ಬಿದ್ದ ತರಗೆಲೆಯ ನಡುವೆ ಕೋಶ ಕಟ್ಟುತ್ತದೆ. ಜೂನ್‌ನಲ್ಲಿ ಸಾಗುವಾನಿ ತೋಟದಲ್ಲಿ ನಡೆದವರಿಗೆ ಮುಖಕ್ಕೆ ನೂಲು ತಾಗಿದ ನೆನಪು ಇರುತ್ತದೆ. ಹುಳ ವಿಪರೀತ ಇದ್ದಾಗ ಹಿಕ್ಕೆ ತರಗೆಲೆ ಮೇಲೆ ಬೀಳುವ ಸದ್ದು ಹನಿಮಳೆಯಂತೆಯೇ ಕೇಳುತ್ತದೆ. ನಾನು ಒಮ್ಮೆ ಕೊಡೆ ಬಿಡಿಸಿ ಬೆಪ್ಪಾಗಿದ್ದೇನೆ.

ಮರ ಸಾಯದಿದ್ದರೂ ನಷ್ಟ ಇಲ್ಲ ಅನ್ನಲಾರೆ. ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ನಿಲಂಬೂರಿನ ಎಳೆಯ ತೋಟದಲ್ಲಿ ಹುಳ ಬೀಳದಂತೆ ಕಾಪಾಡಿದ ಮರಗಳನ್ನೂ ಹಾಗೇ ಬಿಟ್ಟ ಮರಗಳನ್ನೂ ಅಳೆದು ಹೋಲಿಸಿದ್ದರು. ಹಾಗೇ ಬಿಟ್ಟಲ್ಲಿ, ಆ ವರ್ಷಗಳಲ್ಲಿ ಸೇರಬೇಕಿದ್ದ ಮರದ ಗಾತ್ರದಲ್ಲಿ ಶೇ 44ರಷ್ಟು ಸೇರಲೇ ಇಲ್ಲ. ಈ ಹುಳಕ್ಕೇ ಬರುವ ಒಂದು ವೈರಸ್ಸನ್ನು ಅವರು ಸಿಂಪಡಣೆಗೆ ಸಿದ್ಧ ಮಾಡಿದ್ದೂ ಇದೆ. ಆದರೆ ಪತಂಗ ಗುಂಪುಗುಂಪಾಗಿ ಬೇರೆ ಕಡೆಯಿಂದ ಹಾರಿ ಬರುತ್ತದೆ. ನಿಮ್ಮ ಒಂದು ಎಕರೆಗೆ ಮಾತ್ರ ವಿಷ ಬಿಟ್ಟು ಏನು ಮಾಡುತ್ತೀರಿ? ಜೂನ್ ಮಳೆ ಅದನ್ನು ಅರ್ಧ ಗಂಟೆಯಲ್ಲಿ ತೊಳೆದು ತೋಡಿಗೆ ಸೇರಿಸುತ್ತದೆ. ಆ ಹುಳ ತಿನ್ನಲು ಬರುವ ಕಾಜಾಣ, ಮೈನಾಗಳೂ ಹೋಗುತ್ತವೆ. ಆ ದುಡ್ಡಲ್ಲಿ ಗೊಬ್ಬರ ಹಾಕಿ.

ಪ್ರಶ್ನೆ: ಅಜ್ಜನ ಕಾಲದ ಕಾಟು ಮಾವಿನ ಮರ. ಬುಡದಲ್ಲಿ ದಿನಾ ಮರದ ಹುಡಿ ಬೀಳುತ್ತಿದೆ, ಒಂದು ಗೆಲ್ಲು ಒಣಗಿದೆ. ಗೆದ್ದಲಾ? (ಕದ್ರಿ, ಮಂಗಳೂರು)

ಗೆದ್ದಲು, ಅಂದರೆ ನಮ್ಮ ಒರಲೆ, ಹುಡಿ ಬೀಳಿಸುವುದಿಲ್ಲ, ಮಣ್ಣು ಹತ್ತಿಸುತ್ತದೆ. ಇದು ಕಾಂಡ ಕೊರೆಯುವ ಹುಳದ್ದೇ ಕೆಲಸ. ಯಾವುದು ಅಂತ ಹುಡಿಯೇ ಹೇಳುತ್ತದೆ.

ಹುಡಿಯನ್ನು ಅಂಗೈಯಲ್ಲಿ ಹಾಕಿಕೊಳ್ಳಿ. ನಾರುನಾರಾಗಿ, ಒರಟಾಗಿ, ತೆಂಗಿನಕಾಯಿ ತುರಿದ ಹಾಗೆ ಇದ್ದರೆ ಅದು ದೊಡ್ಡ ಕೊಂಬಿನ ದುಂಬಿಯ ಮರಿ. ಬಟೋಸೆರಾ ಎನ್ನುತ್ತಾರೆ. ದುಂಬಿ ಐದು ಸೆಂಟಿಮೀಟರ್‌ವರೆಗೂ ಇರುತ್ತದೆ, ಬೂದು ಬಣ್ಣ, ಮೀಸೆ ಮೈಗಿಂತ ಉದ್ದ. ರಾತ್ರಿ ಜಗಲಿಯ ದೀಪಕ್ಕೆ ಬಂದು ಗೋಡೆಗೆ ಡಿಕ್ಕಿ ಹೊಡೆಯುವುದು ಇದೇ ಆಗಿರಬಹುದು. ಹಲಸಿನ ಮರವನ್ನೂ ಬಿಡುವುದಿಲ್ಲ. ಹಾಗಲ್ಲದೆ ಹುಡಿ ಪೌಡರಿನಷ್ಟು ನಯವಾಗಿದ್ದು, ತೊಗಟೆಯಿಂದ ಊದುಬತ್ತಿಯ ಬೂದಿಯಂತೆ ಸಣ್ಣ ಕಡ್ಡಿಯಾಗಿ ಹೊರಚಾಚಿದ್ದರೆ ಅದು ಗುಂಡುಸೂಜಿಯ ತೂತು ಮಾಡುವ ಪುಟ್ಟ ದುಂಬಿ. ಇದು ಮರ ತಿನ್ನುವುದೇ ಇಲ್ಲ. ತೂತಿನೊಳಗೆ ಬೂಸ್ಟು ಬೆಳೆಸಿ ಅದನ್ನು ತಿನ್ನುತ್ತದೆ. ಸಾಮಾನ್ಯವಾಗಿ ಇದು ಬರುವುದು ಆಗಲೇ ಸೊರಗಿದ ಮರಕ್ಕೆ. ಹಾಗಾಗಿ ಅದನ್ನು ಕಂಡರೆ ದುಂಬಿಯ ಹಿಂದೆ ಓಡಬೇಡಿ, ಮರಕ್ಕೆ ಮೊದಲು ಏನಾಯಿತು ಅಂತ ಕೇಳಿಕೊಳ್ಳಿ. ಕಳೆದ ಎರಡು ವರ್ಷದಲ್ಲಿ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದೀರಾ? ಚರಂಡಿಗೆ ಬೇರು ಕಡಿಸಿದ್ದೀರಾ? ಮಂಗಳೂರಿನಿಂದ ಬರುವ ಇಂಥ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಅಲ್ಲೇ ಇರುತ್ತದೆ.

ನಿಮ್ಮ ಫೋಟೊದಲ್ಲಿ ಇರುವುದು ತುರಿಯಂಥ ಹುಡಿ. ಹಾಗಾಗಿ ದೊಡ್ಡ ಹುಳವೇ. ಸಂಜೆ ಬುಡವನ್ನು ಹಿಡಿಸೂಡಿಯಿಂದ ಚೆನ್ನಾಗಿ ಗುಡಿಸಿ. ಬೆಳಿಗ್ಗೆ ಹೊಸ ಹುಡಿ ಎಲ್ಲಿ ಬಿದ್ದಿದೆಯೋ ಅದರ ನೇರ ಮೇಲೆ ಹುಡುಕಿ. ಒದ್ದೆಯಾದ, ಹುಡಿ ಕಚ್ಚಿಕೊಂಡ ತೂತು ಸಿಗುತ್ತದೆ. ಉಳಿಯಿಂದ ಸುತ್ತಲಿನ ಕೊಳೆತ ತೊಗಟೆ ಕೆತ್ತಿ. ಸೈಕಲ್ ಬ್ರೇಕಿನ ತಂತಿಯ ತುದಿ ಬಗ್ಗಿಸಿ ಒಳಗೆ ತೂರಿಸಿ. ಹುಳ ಸಿಕ್ಕರೆ ಮೆತ್ತಗೆ ತಡೆದಂತೆ ಕೈಗೆ ಗೊತ್ತಾಗುತ್ತದೆ, ತಂತಿಯ ತುದಿ ಬಿಳಿ ರಸದಲ್ಲಿ ಒದ್ದೆಯಾಗಿ ಬರುತ್ತದೆ. ಸಿಗದಿದ್ದರೆ ಪೆಟ್ರೋಲಿನಲ್ಲಿ ಅದ್ದಿದ ಹತ್ತಿ ತುರುಕಿ ಜೇಡಿಮಣ್ಣು ಮೆತ್ತಿ. ಎಲ್ಲ ತೂತುಗಳನ್ನೂ ಮುಚ್ಚಬೇಕು. ನಮ್ಮ ಹಿತ್ತಿಲಿನ ಹಲಸಿಗೆ ನಾನು ಕೆಳಗಿನದೊಂದನ್ನು ಮುಚ್ಚಿ, ಕೆಲಸ ಆಯಿತು ಅಂತ ಕೈ ತೊಳೆದುಕೊಂಡಿದ್ದೆ. ವಾರದಲ್ಲಿ ಮೂರಡಿ ಮೇಲಿಂದ ಹುಡಿ ಬೀಳತೊಡಗಿತು. ಕಾಂಡಕ್ಕೆ ವಿಷ ಚುಚ್ಚುವ ಉಪಾಯವನ್ನು ಯಾರಾದರೂ ಹೇಳಿಯಾರು. ಮಿಡಿ ಉಪ್ಪಿನಕಾಯಿ ಹಾಕುವ ಮರಕ್ಕೆ ಅದು ಬೇಡ.

ಒಣಗಿದ ಗೆಲ್ಲನ್ನು ಕಡಿದು ಸುಟ್ಟುಬಿಡಿ. ಸೌದೆ ಕೊಟ್ಟಿಗೆಯಲ್ಲಿ ಇಟ್ಟರೆ ಹುಳ ಅಲ್ಲೇ ದುಂಬಿಯಾಗಿ ಹೊರಬರುತ್ತದೆ.

ಪ್ರಶ್ನೆ: ನಮ್ಮ ಲೇಔಟಿನ ಪಾಲೆ ಮರದ ಎಲೆ ತುಂಬ ಗಂಟು ಗಂಟು. ಆಟಿ ಅಮಾವಾಸ್ಯೆಯಂದು ಕುಡಿಯುವ ಕಷಾಯಕ್ಕೆ ಇದರ ತೊಗಟೆ ತೆಗೆಯಬಹುದಾ? (ಮಣಿಪಾಲ)

ಗಂಟು ಮಾಡಿದ್ದು ಸೈಲಿಡ್ ಎಂಬ ರಸ ಹೀರುವ ಪುಟ್ಟ ಕೀಟ. ಅದು ಎಲೆಯಲ್ಲಿ ಮೊಟ್ಟೆಯಿಟ್ಟರೆ ಎಲೆಯೇ ಉಬ್ಬಿ ಮರಿಗೆ ಮನೆ ಕಟ್ಟಿಕೊಡುತ್ತದೆ. ಬ್ಲೇಡಿನಿಂದ ಗಂಟನ್ನು ಎರಡು ಹೋಳು ಮಾಡಿ ಲೆನ್ಸ್ ಹಿಡಿದರೆ ಒಳಗೆ ಮರಿ ಕೂತಿರುವುದು ಕಾಣುತ್ತದೆ. ಮಕ್ಕಳಿಗೆ ತೋರಿಸಿ, ಖುಷಿಪಡುತ್ತಾರೆ. ಪಾಲೆಗೆ ಇದು ತೀರಾ ಸಾಮಾನ್ಯ. ಎಲೆ ಅಂದಗೆಡುತ್ತದೆ ಅಷ್ಟೇ, ತೊಗಟೆಗೆ ಸಂಬಂಧವಿಲ್ಲ.

ನನಗೆ ಹೆದರಿಕೆ ಬೇರೆಯದಕ್ಕೆ. ಕತ್ತಲಲ್ಲಿ ಹೋಗಿ ಕಲ್ಲಿನಿಂದ ಜಜ್ಜಿ ತೆಗೆಯುವ ಪದ್ಧತಿ ಅಲ್ವಾ? ಮರ ಯಾವುದು ಅಂತ ಹಿಂದಿನ ದಿನ ಬೆಳಕಲ್ಲೇ ನೋಡಿಟ್ಟುಕೊಳ್ಳಿ. ಪಾಲೆಯ ಎಲೆ ಒಂದೇ ಗಿಣ್ಣಿನಲ್ಲಿ ಸುತ್ತಲೂ ಆರೇಳು ಇರುತ್ತದೆ, ಕಿತ್ತರೆ ಬಿಳಿ ಹಾಲು ಬರುತ್ತದೆ. ಕಾಸರಕದಲ್ಲಿ ಎಲೆ ಎದುರುಬದುರು ಎರಡೇ, ಹಾಲು ಇಲ್ಲ, ಮತ್ತು ಅದು ಕಡುವಿಷ. ಇನ್ನೊಂದು: ಲೇಔಟಿಗೆ ಒಂದೇ ಮರ ಇದ್ದರೆ ನೂರು ಮನೆಯವರೂ ಅದನ್ನೇ ಸುಲಿಯುತ್ತಾರೆ. ತೊಗಟೆ ಸುತ್ತಲೂ ಹೋದರೆ ಮರ ಒಣಗುತ್ತದೆ. ಒಂದು ಬದಿಯಲ್ಲಿ ಅಂಗೈಯಗಲ ಸಾಕು.

ಪ್ರಶ್ನೆ: ಅಪಾರ್ಟ್‌ಮೆಂಟಿನ ಮಳೆಮರದ ಕೆಳಗೆ ಕಾರು ನಿಲ್ಲಿಸಿದರೆ ಬಿಸಿಲಲ್ಲೂ ಹನಿ ಬೀಳುತ್ತದೆ. ಪವಾಡ ಅಂತ ಕೆಲವರು ಹೂ ಇಡಲು ಶುರುಮಾಡಿದ್ದಾರೆ. (ಬಿಜೈ, ಮಂಗಳೂರು)

ಬಿಳಿ ಕಾಗದ ಒಂದನ್ನು ಅರ್ಧ ಗಂಟೆ ಕೆಳಗಿಡಿ. ಹನಿ ಅಂಟಂಟಾಗಿದ್ದು ಇರುವೆ ಮುತ್ತಿದರೆ ಅದು ಹಿಟ್ಟು ತಿಗಣೆ ಅಥವಾ ಶಲ್ಕ ಕೀಟದ ಸಿಹಿ ವಿಸರ್ಜನೆ. ಕಾರಿನ ಮೇಲೆ ಮಸಿ ಹಿಡಿದಂತೆ ಕಪ್ಪಾಗುವುದು ಅದರ ಮೇಲೆ ಬೆಳೆಯುವ ಬೂಸ್ಟಿನಿಂದ. ಅಂಟಿಲ್ಲದೆ ನೀರಾಗಿಯೇ ಒಣಗಿದರೆ, ಅದೂ ಏಪ್ರಿಲ್ ಮೇ ತಿಂಗಳಾದರೆ, ಮೇಲೆ ಕೂತು ಕಿರುಚುವ ಜೀರುಂಡೆಯದ್ದು. ಎರಡೂ ಕೀಟದ ಮೂತ್ರವೇ ಅನ್ನಿ. ಹೂ ಇಡುವವರಿಗೆ ಇದನ್ನು ಹೇಗೆ ಹೇಳುವುದೋ ನಿಮಗೇ ಬಿಟ್ಟದ್ದು. ಅಷ್ಟೆತ್ತರದ ಮರಕ್ಕೆ, ಸುತ್ತಲೂ ಬಾಲ್ಕನಿ ಇರುವಲ್ಲಿ, ಮದ್ದು ಹೊಡೆಸಬೇಡಿ. ಕಾರು ಆಚೆ ನಿಲ್ಲಿಸಿ. ಜೋರು ಮಳೆ ನಾಲ್ಕು ದಿನ ಬಂದರೆ ಎಲ್ಲ ತೊಳೆದುಹೋಗುತ್ತದೆ.

ಪ್ರಶ್ನೆ: ಸಮುದ್ರದ ಬದಿಯ ಗಾಳಿಮರದ ಕಾಂಡದಲ್ಲಿ ಕಂದು ಬಣ್ಣದ ಏನೋ ಹತ್ತಿಕೊಂಡಿದೆ. ಗೆದ್ದಲಿನ ಮದ್ದು ಹಾಕಿದೆ, ಹೋಗಲಿಲ್ಲ. (ಮಲ್ಪೆ)

ಎರಡು ಬೆರಳಲ್ಲಿ ಹಿಡಿದು ಎಳೆಯಿರಿ. ಪುಡಿಪುಡಿಯಾಗಿ ಮಣ್ಣು ಉದುರಿದರೆ ಗೆದ್ದಲು. ಹರಿದ ಕಂಬಳಿಯ ಚೂರಿನಂತೆ ಎದ್ದು ಬಂದರೆ ತೊಗಟೆ ತಿನ್ನುವ ಹುಳು, ಇಂಡರ್ಬೆಲಾ. ಅದು ತನ್ನ ನೂಲಿಗೆ ಹಿಕ್ಕೆಯನ್ನೂ ಮರದ ಹುಡಿಯನ್ನೂ ಸೇರಿಸಿ ಚಪ್ಪರ ಮಾಡಿಕೊಂಡು, ರಾತ್ರಿ ಅದರಡಿಯಲ್ಲಿ ಓಡಾಡಿ ತೊಗಟೆ ತಿನ್ನುತ್ತದೆ. ಹಗಲಲ್ಲಿ ಗೆಲ್ಲು ಕವಲೊಡೆಯುವಲ್ಲಿ ಸಣ್ಣ ಬಿಲದೊಳಗೆ ಮಲಗಿರುತ್ತದೆ. ನಿಮ್ಮ ಮದ್ದು ಬುಡದಲ್ಲಿ, ಹುಳ ಮೇಲೆ. ಚಪ್ಪರವನ್ನು ಉಜ್ಜಿ ತೆಗೆದು ಬಿಲಕ್ಕೆ ತಂತಿ ಹಾಕಿದರೆ ಮುಗಿಯಿತು. ಪೇರಳೆ ಮರ ಇದ್ದರೆ ಅದನ್ನೂ ಒಮ್ಮೆ ನೋಡಿ. ಅಂದಹಾಗೆ ನಿಜವಾಗಿ ಗೆದ್ದಲೇ ಆಗಿದ್ದರೂ ಗಾಬರಿ ಬೇಕಿಲ್ಲ. ದೊಡ್ಡ ಮರದಲ್ಲಿ ಅದು ಹೆಚ್ಚಾಗಿ ಹೊರಗಿನ ಸತ್ತ ತೊಗಟೆಯನ್ನಷ್ಟೇ ತಿನ್ನುತ್ತದೆ.

ಪ್ರಶ್ನೆ: ಎರಡು ವರ್ಷದ ಮಹಾಗನಿಯ ಕುಡಿ ಬಾಡಿ ಬಗ್ಗಿದೆ. (ಕಾರ್ಕಳ)

ಕುಡಿ ಕೊರಕ. ಬಾಡಿದ ಕುಡಿಯನ್ನು ಒಳಗಿನ ತೂತು ಮುಗಿದು ಬಿಳಿ ಮರ ಕಾಣುವವರೆಗೆ ಕತ್ತರಿಸಿ, ಸುಡಿ. ಆಮೇಲೆ ಎರಡು ಮೂರು ಚಿಗುರು ಒಟ್ಟಿಗೆ ಬರುತ್ತವೆ. ಗಟ್ಟಿಯಾದ ಒಂದನ್ನು ಉಳಿಸಿ ಬೇರೆಯದನ್ನು ತೆಗೆಯಿರಿ, ಇಲ್ಲದಿದ್ದರೆ ಮರ ಕವಲಾಗಿ ನೇರ ತೊಲೆ ಸಿಗುವುದಿಲ್ಲ. ಕತ್ತರಿಸಿದ ಕುಡಿಯನ್ನು ಸೀಳಿ ಹುಳ ಸಿಕ್ಕರೆ ಡಬ್ಬಿಯಲ್ಲಿ ಹಾಕಿ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಬಹುದು. ಡಬ್ಬಿಯ ಮುಚ್ಚಳಕ್ಕೆ ತೂತು ಮಾಡಲು ಮರೆಯಬೇಡಿ.